ಸಣ್ಣ ಬೋರ್ಡಿಗೆ ಎಫ್‌ಪಿಜಿಎ: ನಾನು ಆರಿಸಿದ ಬಗೆ

ನಮ್ಮ ಮನೆಯ ಹಜಾರದಲ್ಲಿ 64×32 ಚುಕ್ಕಿಗಳ ಎಲ್‌ಇಡಿ ಪ್ಯಾನೆಲ್ ಒಂದಿದೆ. ಅದನ್ನು ಓಡಿಸುವ ಬೋರ್ಡ್ ನಾನೇ ಮಾಡಿದ್ದು. ಅದಕ್ಕೆ ಎಫ್‌ಪಿಜಿಎ, ಅಂದರೆ ಒಳಗಿನ ಸರ್ಕ್ಯೂಟನ್ನು ನಾವೇ ಬರೆದು ತುಂಬುವ ಚಿಪ್, ಹೇಗೆ ಆರಿಸಿದೆ ಅಂತ ಹೇಳುತ್ತೇನೆ. ನಿಮ್ಮ ಬೋರ್ಡ್ ಬೇರೆಯದಾದರೂ ಲೆಕ್ಕ ಹಾಕುವ ದಾರಿ ಇದೇ.

ಮೊದಲು ಪಿನ್ ಎಣಿಸಿ. ಪ್ಯಾನೆಲ್‌ಗೆ ಬಣ್ಣದ ಪಿನ್ 6, ಸಾಲು ಆರಿಸಲು 4, ಕ್ಲಾಕ್, ಲ್ಯಾಚ್, ಔಟ್‌ಪುಟ್ ಎನೇಬಲ್ ಅಂತ 3. ಚಿತ್ರ ಕಳಿಸುವ ಇಎಸ್‌ಪಿ32 ಎಂಬ ಮೈಕ್ರೊಕಂಟ್ರೋಲರಿಗೆ ಎಸ್‌ಪಿಐ (ಚಿಪ್ಪಿನಿಂದ ಚಿಪ್ಪಿಗೆ ಮಾಹಿತಿ ಸಾಗಿಸುವ ತಂತಿಗಳು) 4, ಎಫ್‌ಪಿಜಿಎಯ ಡಿಸೈನ್ ಉಳಿಸಿಡುವ ಫ್ಲ್ಯಾಶ್ ಮೆಮೊರಿಗೆ 4, ಕ್ರಿಸ್ಟಲ್ ಆಸಿಲೇಟರಿಗೆ 1. ಅಲ್ಲಿಗೆ 22 ಆಯ್ತು.

ಆಮೇಲೆ ಮೆಮೊರಿ. ಒಟ್ಟು 2048 ಚುಕ್ಕಿ, ಒಂದೊಂದಕ್ಕೂ 24 ಬಿಟ್, ಅಂದರೆ ಒಂದು ಚಿತ್ರಕ್ಕೆ 48 ಕಿಲೋಬಿಟ್. ಒಂದು ಚಿತ್ರ ತೋರಿಸುತ್ತಿರುವಾಗಲೇ ಮುಂದಿನದನ್ನು ತುಂಬಬೇಕು, ಇಲ್ಲದಿದ್ದರೆ ಪರದೆ ಅರ್ಧಕ್ಕೆ ಹರಿದ ಹಾಗೆ ಕಾಣುತ್ತದೆ. ಹಾಗಾಗಿ 96 ಕಿಲೋಬಿಟ್ ಬೇಕು. ಲ್ಯಾಟಿಸ್ ಕಂಪನಿಯ ಐಸ್40 ಎಚ್‌ಎಕ್ಸ್1ಕೆ ಎಂಬ ಎಫ್‌ಪಿಜಿಎ ಇಲ್ಲೇ ಬಿದ್ದುಹೋಯಿತು, ಅದರೊಳಗಿನ ಮೆಮೊರಿ, ಅಂದರೆ ಬ್ಲಾಕ್ ರ‍್ಯಾಮ್ 64 ಕಿಲೋಬಿಟ್ ಅಷ್ಟೇ. ಅದೇ ಕುಟುಂಬದ ಯುಪಿ5ಕೆಯಲ್ಲಿ 120 ಇದೆ. 5280 ಲುಕ್‌ಅಪ್ ಟೇಬಲ್ (ಲಾಜಿಕ್ ಕಟ್ಟುವ ಇಟ್ಟಿಗೆಗಳು), ನಾವು ಬಳಸಬಹುದಾದ ಪಿನ್ 39. ವೇಗ ಎಚ್‌ಎಕ್ಸ್‌ಗಿಂತ ಕಮ್ಮಿ, ಆದರೆ ನನ್ನ ಪ್ಯಾನೆಲ್‌ಗೆ 12 ಮೆಗಾಹರ್ಟ್ಸ್ ಸಾಕು.

ಸ್ಪಾರ್ಟನ್-7 ಎಂಬ ಇನ್ನೊಂದು ಎಫ್‌ಪಿಜಿಎ ಮೇಲೂ ಕಣ್ಣಿತ್ತು. ಆದರೆ ಅದು ಬರುವುದು ಬಿಜಿಎ ಪ್ಯಾಕೇಜಿನಲ್ಲಿ ಮಾತ್ರ. ಕಾಲುಗಳೆಲ್ಲ ಚಿಪ್ಪಿನ ಕೆಳಗೇ ಇರುತ್ತವೆ. ಮನೆಯಲ್ಲಿ ಕೈಯಲ್ಲೇ ಬೆಸುಗೆ ಹಾಕುವವರು ಅದರ ಆಸೆ ಬಿಡುವುದು ಒಳ್ಳೆಯದು.

ಯುಪಿ5ಕೆಯ 48 ಪಿನ್ನಿನ ಕ್ಯೂಎಫ್‌ಎನ್ ಪ್ಯಾಕೇಜು (ಪಿನ್ನುಗಳು ನಾಲ್ಕೂ ಅಂಚಿನಲ್ಲಿರುವಂಥದ್ದು) 7 ಮಿಲಿಮೀಟರ್ ಚೌಕ, ಪಿನ್ನಿಂದ ಪಿನ್ನಿಗೆ ಅರ್ಧ ಮಿಲಿಮೀಟರ್. ಫ್ಲಕ್ಸ್ ಧಾರಾಳವಾಗಿ ಹಚ್ಚಿದರೆ ಸಾಲ್ಡರಿಂಗ್ ಐರನ್ನಿನಲ್ಲೇ ಆಗುತ್ತದೆ. ಒಂದು ವಿಷಯ ಮಾತ್ರ ಮರೆಯಬೇಡಿ: ಇದಕ್ಕೆ ಬೇರೆ ಗ್ರೌಂಡ್ ಪಿನ್ನೇ ಇಲ್ಲ. ಹೊಟ್ಟೆಯ ಕೆಳಗಿನ ಪ್ಯಾಡ್ ಒಂದೇ ಗ್ರೌಂಡ್. ನನ್ನ ಮೊದಲ ಬೋರ್ಡಿನಲ್ಲಿ ನಾಲ್ಕೂ ಅಂಚಿನ ಬೆಸುಗೆ ಭೂತಗನ್ನಡಿಯಲ್ಲಿ ಫಳಫಳ ಅನ್ನುತ್ತಿತ್ತು. ಆದರೂ ಸಿ-ಡನ್ ಪಿನ್ನಿನ (ಫ್ಲ್ಯಾಶ್‌ನಿಂದ ಡಿಸೈನ್ ಓದಿ ಮುಗಿಯಿತು ಅಂತ ಹೇಳುವ ಪಿನ್) ಎಲ್‌ಇಡಿ ಹತ್ತಲೇ ಇಲ್ಲ. ಎರಡು ರಾತ್ರಿ ಫ್ಲ್ಯಾಶ್ ಮೇಲೆ ಅನುಮಾನಪಟ್ಟೆ. ಕೊನೆಗೆ ಚಿಪ್ ಕಿತ್ತು ನೋಡಿದರೆ ಹೊಟ್ಟೆಯ ಪ್ಯಾಡಿಗೆ ಸೀಸ ಮುಟ್ಟಿಯೇ ಇರಲಿಲ್ಲ. ಮುಂದಿನ ಬೋರ್ಡಿನಲ್ಲಿ ಆ ಪ್ಯಾಡಿನ ನಡುವೆ ಒಂದು ದಪ್ಪ ತೂತು ಬಿಟ್ಟೆ. ಈಗ ಬೋರ್ಡ್ ತಿರುಗಿಸಿ ಕೆಳಗಿನಿಂದ ಸೀಸ ಇಳಿಸುತ್ತೇನೆ. ಸಲೀಸಾಗಿ ಹಿಡಿಯುತ್ತದೆ.

ಚಿಪ್ಪಿನ ಬೆಲೆಯೊಂದನ್ನೇ ನೋಡಬೇಡಿ. ಒಳಗಿನ ಲಾಜಿಕ್ಕಿಗೆ 1.2 ವೋಲ್ಟ್, ಪಿನ್ನುಗಳಿಗೆ 3.3 ವೋಲ್ಟ್, ಅಂದರೆ ಎರಡು ರೆಗ್ಯುಲೇಟರ್. ಜೊತೆಗೆ ಫ್ಲ್ಯಾಶ್, ಆಸಿಲೇಟರ್. ನನ್ನ ಪ್ಯಾನೆಲ್ 5 ವೋಲ್ಟಿನದು, ಹಾಗಾಗಿ 3.3 ವೋಲ್ಟಿನ ಸಂಕೇತವನ್ನು 5ಕ್ಕೆ ಏರಿಸುವ 74ಎಎಚ್‌ಸಿಟಿ245 ಚಿಪ್ ಎರಡು. ಇವೆಲ್ಲ ಸೇರಿಸಿ ಲೆಕ್ಕ ಹಾಕಿ. ಇಷ್ಟು ತಾಪತ್ರಯ ಬೇಡ ಅನ್ನುವವರಿಗೆ ಟ್ಯಾಂಗ್ ನ್ಯಾನೋ 9ಕೆ ರೆಡಿಮೇಡ್ ಬೋರ್ಡ್ ಇದೆ: ಗೋವಿನ್ ಚಿಪ್, 8640 ಲುಕ್‌ಅಪ್ ಟೇಬಲ್, ಫ್ಲ್ಯಾಶ್ ಚಿಪ್ಪಿನೊಳಗೇ.

ನಾನು ಐಸ್40 ಬಿಡದಿರುವುದು ಸಾಫ್ಟ್‌ವೇರ್‌ನಿಂದ. ನಾವು ಬರೆದ ಡಿಸೈನನ್ನು ಚಿಪ್ಪಿಗೆ ತುಂಬುವ ರೂಪಕ್ಕೆ ತರುವ ಯೋಸಿಸ್, ನೆಕ್ಸ್ಟ್‌ಪಿಎನ್‌ಆರ್, ಐಸ್‌ಸ್ಟಾರ್ಮ್ ಮೂರೂ ಮುಕ್ತ, ಲೈಸೆನ್ಸ್ ಫೈಲಿನ ಗೋಳಿಲ್ಲ. ನನ್ನ ಹಳೇ ಲ್ಯಾಪ್‌ಟಾಪ್‌ನಲ್ಲಿ ಆರಾಮಾಗಿ ಓಡುತ್ತವೆ. ಪಿಸಿಬಿ ಆರ್ಡರ್ ಮಾಡುವ ಮುಂಚೆಯೇ ಪಿನ್ ಪಟ್ಟಿ ಬರೆದು ನೆಕ್ಸ್ಟ್‌ಪಿಎನ್‌ಆರ್ ಓಡಿಸಿ. ಡಿಸೈನ್ ಹಿಡಿಸುತ್ತದಾ, ಎಷ್ಟು ಮೆಗಾಹರ್ಟ್ಸ್ ಮುಟ್ಟುತ್ತದೆ ಎಲ್ಲ ಅದೇ ಹೇಳುತ್ತದೆ. 39, 40, 41ನೇ ಪಿನ್ನುಗಳಿಗೆ ಮಾತ್ರ ಮಾಮೂಲಿ ಔಟ್‌ಪುಟ್ ಕೊಡಬೇಡಿ. ಅವು ಎಲ್‌ಇಡಿಗೆಂದೇ ಇರುವ ಓಪನ್ ಡ್ರೈನ್ ಪಿನ್, ತಾವಾಗಿ ಮೇಲಕ್ಕೆ ಎಳೆಯುವುದಿಲ್ಲ.