ಕೆಮ್ಮಿನ ಪ್ರಶ್ನಾವಳಿ ಅರಬಿಗೆ: ಅಂಕ ಕೆಡುವುದು ಎಲ್ಲಿ?

ತಿಂಗಳುಗಟ್ಟಲೆ ಬಿಡದ ಕೆಮ್ಮು ರೋಗಿಯ ಬದುಕನ್ನು ಎಷ್ಟು ಕಾಡುತ್ತಿದೆ ಎಂದು ಅಳೆಯಲು ನಾವು ಬಳಸುವುದು ಲೆಸ್ಟರ್ ಕಾಫ್ ಪ್ರಶ್ನಾವಳಿ. 2003ರಲ್ಲಿ ಇಂಗ್ಲೆಂಡಿನಲ್ಲಿ ಬಂದದ್ದು. ಕಳೆದ ಎರಡು ವಾರಗಳ ಬಗ್ಗೆ 19 ಪ್ರಶ್ನೆ, ಪ್ರತಿಯೊಂದಕ್ಕೂ 1ರಿಂದ 7ರವರೆಗೆ ಉತ್ತರ. ದೈಹಿಕ ಭಾಗದಲ್ಲಿ 8, ಮಾನಸಿಕದಲ್ಲಿ 7, ಸಾಮಾಜಿಕದಲ್ಲಿ 4. ಒಂದೊಂದು ಭಾಗದ ಸರಾಸರಿ ತೆಗೆದು ಮೂರನ್ನೂ ಕೂಡಿಸಿದರೆ 3ರಿಂದ 21ರೊಳಗಿನ ಅಂಕ. ಹೆಚ್ಚಿದ್ದಷ್ಟೂ ರೋಗಿ ಸುಖವಾಗಿದ್ದಾನೆಂದು ಅರ್ಥ.

ಇದನ್ನು ಅರಬಿ ರೋಗಿಗಳಿಗೆ ಕೊಡಬೇಕಾದರೆ, ಪ್ರಶ್ನಾವಳಿಯ ಹಕ್ಕುದಾರರ ಅನುಮತಿ ಪಡೆದ ಮೇಲೆ ಅರಬಿ ಮಾತೃಭಾಷೆಯ ಇಬ್ಬರಿಂದ ಬೇರೆ ಬೇರೆಯಾಗಿ ಅನುವಾದ ಮಾಡಿಸುತ್ತೇವೆ. ಒಬ್ಬರು ವೈದ್ಯಕೀಯದವರು, ಇನ್ನೊಬ್ಬರು ಅದರ ಗಂಧಗಾಳಿ ಇಲ್ಲದವರು. ಒಬ್ಬರು ಕೊಲ್ಲಿಯವರಾದರೆ ಮತ್ತೊಬ್ಬರು ಈಜಿಪ್ಟ್ ಅಥವಾ ಸಿರಿಯಾ ಕಡೆಯವರಾಗಿರಲಿ. ಒಂದೇ ಸೀಮೆಯ ಮಾತು ನುಸುಳಿದರೆ ಆಗಲೇ ಸಿಕ್ಕಿಬೀಳುತ್ತದೆ. ಎರಡನ್ನೂ ಹೊಂದಿಸಿದ ಪ್ರತಿಯನ್ನು ಮೂಲ ನೋಡದವರಿಂದ ಮತ್ತೆ ಇಂಗ್ಲಿಷಿಗೆ ತಿರುಗಿಸಿ, ಅರ್ಥ ಜಾರಿದೆಯೇ ಎಂದು ಮೂಲದೊಂದಿಗೆ ಹೋಲಿಸುತ್ತೇವೆ.

ಅರಬಿಯಲ್ಲಿ ಸ್ವರಚಿಹ್ನೆ ಬರೆಯುವ ರೂಢಿ ಕಡಿಮೆ. ಚಿಹ್ನೆಯಿಲ್ಲದ 'ಶಅರ್ತು' ನನಗೆ ಅನಿಸಿತು, ನಿನಗೆ ಅನಿಸಿತು, ಅವಳಿಗೆ ಅನಿಸಿತು ಎಂದು ಮೂರು ಬಗೆಯಲ್ಲಿ ಓದಿಸಿಕೊಳ್ಳುತ್ತದೆ. ಕೊನೆಯ ಅಕ್ಷರದ ಮೇಲೆ ಉಕಾರದ ಗುರುತು ಹಾಕಿಸಿ. 'ದಣಿದವನು' ಎಂಬಂಥ ವಿಶೇಷಣಕ್ಕೆ ಲಿಂಗ ಅಂಟಿಕೊಂಡೇ ಬರುತ್ತದೆ. 'ದಣಿವು ಅನಿಸಿತು' ಎಂದು ನಾಮಪದಕ್ಕೆ ತಿರುಗಿಸಿದರೆ ಗಂಡಿಗೂ ಹೆಣ್ಣಿಗೂ ಒಂದೇ ಪ್ರತಿ ಸಾಕು. (ಕನ್ನಡದವರಿಗೆ 'ನನಗೆ ದಣಿವಾಗಿತ್ತು' ಸಹಜವಾದ್ದರಿಂದ ಈ ತೊಡಕು ಮೊದಲಿಗೆ ಹೊಳೆಯುವುದಿಲ್ಲ.)

ನಿಜವಾದ ಪೆಟ್ಟು ಬೀಳುವುದು ಅಂಕಪಟ್ಟಿಗೆ. ಹೆಚ್ಚಿನ ಪ್ರಶ್ನೆಗಳಲ್ಲಿ 1 ಎಂದರೆ ತೊಂದರೆ 'ಸದಾಕಾಲ'. ಕೆಮ್ಮು ಹಿಡಿತದಲ್ಲಿತ್ತೇ ಎಂಬ 4ನೆಯದರಲ್ಲೂ ಚೈತನ್ಯವಿತ್ತೇ ಎಂಬ 15ನೆಯದರಲ್ಲೂ 1 ಎಂದರೆ 'ಒಮ್ಮೆಯೂ ಇಲ್ಲ'. ಪುಟ ಬಲದಿಂದ ಎಡಕ್ಕೆ ತಿರುಗಿದಾಗ ವಿನ್ಯಾಸ ಮಾಡುವವರು ಈ ಎರಡರ ಉತ್ತರಗಳನ್ನೂ ಉಳಿದವುಗಳ ಸಾಲಿಗೇ ಸೇರಿಸಿ 'ಸರಿಪಡಿಸಿ'ಬಿಡುತ್ತಾರೆ. 4ನೆಯದು 7 ಪ್ರಶ್ನೆಗಳ ಮಾನಸಿಕ ಭಾಗದ್ದು, 15ನೆಯದು 8 ಪ್ರಶ್ನೆಗಳ ದೈಹಿಕ ಭಾಗದ್ದು. ಎರಡೂ ಕಡೆ 1 ಬರಬೇಕಾದಲ್ಲಿ 7 ಬಂದರೆ 6/7 ಮತ್ತು 6/8 ಸೇರಿ ಒಟ್ಟು ಅಂಕ 1.6ರಷ್ಟು ಏರುತ್ತದೆ. ರೋಗಿಗೆ ಗುಣ ಕಂಡಿದೆ ಎನ್ನಲು 1.3ರ ಏರಿಕೆ ಸಾಕು! ಅದಕ್ಕೇ ಪ್ರತಿ ಸಂಖ್ಯೆಯ ಕೆಳಗೂ ಅದರ ಮಾತನ್ನು ಪೂರ್ತಿ ಅಚ್ಚು ಹಾಕಿಸುತ್ತೇವೆ. ಅಂಕಿಯೂ ಮೋಸ ಮಾಡುತ್ತದೆ: ಪೂರ್ವದ ಅರಬಿ ದೇಶಗಳ 6 ನಮ್ಮ ಕಣ್ಣಿಗೆ ಇಂಗ್ಲಿಷಿನ 7ರ ಹಾಗೆ ಕಾಣುತ್ತದೆ. ಕಂಪ್ಯೂಟರಿಗೆ ಏರಿಸುವವರು ಅರಬಿ ಓದಬಲ್ಲವರೇ ಆಗಿರಬೇಕು.

9ನೆಯ ಪ್ರಶ್ನೆ ಬಣ್ಣ, ಹೊಗೆಯ ಘಾಟಿನದು. ಕೊಲ್ಲಿಯ ಮನೆಗಳಲ್ಲಿ ಕೆಮ್ಮು ಕೆರಳಿಸುವುದು ಬಖೂರ್ ಧೂಪ. ಅದನ್ನು ಉದಾಹರಣೆಯಾಗಿ ಸೇರಿಸಬಹುದು, ಆದರೆ ಹಕ್ಕುದಾರರು ಒಪ್ಪಿದರೆ ಮಾತ್ರ.

ಕರಡನ್ನು ಕೆಲವು ರೋಗಿಗಳ ಮುಂದಿಟ್ಟು, ಪ್ರತಿ ಪ್ರಶ್ನೆಯನ್ನೂ ಅವರದೇ ಮಾತಿನಲ್ಲಿ ಹೇಳಿಸಬೇಕು. 'ಅರ್ಥವಾಯಿತೇ' ಎಂದು ಕೇಳಿದರೆ ಎಲ್ಲರೂ ಹೌದೆನ್ನುತ್ತಾರೆ. ಓದು ಬಾರದವರಿಗೆ ನಾವೇ ಓದಿ ಹೇಳುವಾಗ ಕೆಮ್ಮಿಗೆ ಗ್ರಾಂಥಿಕ 'ಸುಆಲ್' ಬದಲು ಆಡುಮಾತಿನ 'ಕಹ್ಹ' ನಡೆಯುತ್ತದೆ. ಹೀಗೆ ತುಂಬಿಸಿದ್ದೆಂದು ಹಾಳೆಯಲ್ಲಿ ಗುರುತು ಹಾಕಿ.

ಅಂಕ ಮತ್ತೆ ಅಷ್ಟೇ ಬರುತ್ತದೆಯೇ ಎಂದು ನೋಡಲು ಒಂದೆರಡು ವಾರ ಬಿಟ್ಟು ಅದೇ ರೋಗಿಗಳಿಂದ ಇನ್ನೊಮ್ಮೆ ತುಂಬಿಸುವ ಮರುಪರೀಕ್ಷೆ, ಅದೂ ಕೆಮ್ಮು ಬದಲಾಗದವರಿಗೆ ಮಾತ್ರ. ಎರಡರ ನಡುವೆ ರಂಜಾನ್ ಬರಬಾರದು. ಉಪವಾಸದಲ್ಲಿ ನಿದ್ದೆ, ಊಟ, ಔಷಧಿ ಎಲ್ಲದರ ಹೊತ್ತೂ ಬದಲಾಗಿ ನಿದ್ದೆಯ 10ನೆಯ ಪ್ರಶ್ನೆಯೂ ಚೈತನ್ಯದ 15ನೆಯದೂ ಕೆಮ್ಮಿಗೆ ಸಂಬಂಧವಿಲ್ಲದೆಯೇ ಏರುಪೇರಾಗುತ್ತವೆ.