ಸದ್ದೇ ಮಾಡದ ನಿಂಜಾಗೆ ಸದ್ದು ಕೂಡಿಸಿದ್ದು

ಗೆಳೆಯನೊಬ್ಬ ಹನ್ನೊಂದು ನಿಮಿಷದ ನಿಂಜಾ ಕಿರುಚಿತ್ರ ಮಾಡಿದ. ಕಥೆ ನಡೆಯುವುದು ಜಪಾನಿನಲ್ಲಿ, 1581ರಲ್ಲಿ. ಓಡಾ ನೊಬುನಾಗ ಎಂಬ ಸೇನಾಧಿಪತಿಯ ಸೇನೆ ಇಗಾ ಪ್ರಾಂತ್ಯದ ಮೇಲೆ ಬಿದ್ದ ವರ್ಷ ಅದು. ಇಗಾದ ಒಬ್ಬ ಶಿನೋಬಿ, ಅಂದರೆ ಗುಟ್ಟಾಗಿ ನುಸುಳುವ ನಿಂಜಾ, ರಾತ್ರಿ ಶತ್ರುಗಳ ಕೋಟೆಯೊಳಗೆ ನುಸುಳುತ್ತಾನೆ, ಮೂವರು ಕಾವಲುಗಾರರ ಜೊತೆ ಹೊಡೆದಾಡುತ್ತಾನೆ. ಅಷ್ಟೇ ಕಥೆ. ಶೂಟಿಂಗ್ ಆದದ್ದು ಬೆಂಗಳೂರಿನ ಒಂದು ಶೆಡ್ಡಿನಲ್ಲಿ. ಅಲ್ಲಿ ಹಿಡಿದ ಆಡಿಯೋದಲ್ಲಿ ಜನರೇಟರಿನ ಗುಂಯ್ ಬಿಟ್ಟರೆ ಬೇರೇನೂ ಸರಿಯಾಗಿ ಕೇಳಿಸುತ್ತಿರಲಿಲ್ಲ. ಹಾಗಾಗಿ ಇಡೀ ಚಿತ್ರಕ್ಕೆ ಫೋಲಿ ಮಾಡುವ ಕೆಲಸ ನನಗೆ ಬಂತು. ಅಂದರೆ ಪರದೆ ನೋಡುತ್ತಾ ಪಾತ್ರದ ಹೆಜ್ಜೆಗೆ ನಾವು ಹೆಜ್ಜೆ ಹಾಕಿ, ಆ ಸದ್ದನ್ನು ಮೈಕಿನಲ್ಲಿ ಹಿಡಿಯುವುದು.

ಮೊದಲ ಸುತ್ತಿನಲ್ಲಿ ಎಲ್ಲರೂ ಮಾಡುವುದನ್ನೇ ಮಾಡಿದೆ. ಕೈ ಬೀಸಿದರೆ ಸುಂಯ್, ಕತ್ತಿ ಹಿರಿದರೆ ಶಿಂಗ್. ಆಮೇಲೆ ಪೂರ್ತಿ ನೋಡಿದೆ. ಇಷ್ಟು ಸದ್ದು ಮಾಡುವವನು ಗೋಡೆ ಹತ್ತುವ ಮೊದಲೇ ಸಿಕ್ಕಿಬೀಳಬೇಕು, ಅಲ್ವಾ? ಅದೂ ಅಲ್ಲದೆ ಕಟಾನಾ ಕತ್ತಿಯ ಒರೆ ಮರದ್ದು. ಅದರಿಂದ ಹಿರಿದಾಗ ಆ ಲೋಹದ ಶಿಂಗ್ ಬರುವುದೇ ಇಲ್ಲ. ಎಲ್ಲ ಅಳಿಸಿ ಮತ್ತೆ ಶುರು ಮಾಡಿದೆ.

ಪಾದದಿಂದ ಶುರು. ಆ ಕಾಲದ ಜಪಾನಿನಲ್ಲಿ ಜನ ಹಾಕುತ್ತಿದ್ದ 'ವಾರಾಜಿ' ಭತ್ತದ ಹುಲ್ಲಿನಲ್ಲಿ ಹೆಣೆದ ಚಪ್ಪಲಿ. ಭತ್ತದ ಹುಲ್ಲಿಗೆ ನಮ್ಮಲ್ಲೇನು ಬರ? ಮಂಡ್ಯ ಕಡೆಯ ನಮ್ಮೂರಿನಿಂದ ಒಂದು ಹೊರೆ ತರಿಸಿದೆ. ನೀರು ಚಿಮುಕಿಸಿ, ಹುರಿ ಹೊಸೆದು, ಅಂಗಾಲಿನ ಅಳತೆಗೆ ಹೆಣೆದುಕೊಂಡೆ. ರಾತ್ರಿ ಎರಡು ಗಂಟೆಗೆ ಫ್ಯಾನ್, ಫ್ರಿಜ್ ಎಲ್ಲ ಆಫ್ ಮಾಡಿ, ಮೈಕನ್ನು ಪಾದದಿಂದ ಒಂದು ಗೇಣು ದೂರ ಇಟ್ಟು ನಡೆದೆ. 'ನುಕಿಆಶಿ' ಎನ್ನುವ ನಡಿಗೆಯಲ್ಲಿ ಕಾಲನ್ನು ನೆಲದಿಂದ ಮೆಲ್ಲಗೆ ಬಿಡಿಸಿ, ಮೆಲ್ಲಗೆ ಊರಬೇಕು. ಹತ್ತು ನಿಮಿಷ ಹಾಗೆ ನಡೆದರೆ ತೊಡೆ ನಡುಗುತ್ತದೆ. ಹಸಿ ಹುಲ್ಲು ಸದ್ದನ್ನು ನುಂಗುತ್ತದೆ, ಒಣಗಿದ್ದು ಚುರುಚುರು ಎನ್ನುತ್ತದೆ. ಎರಡನ್ನೂ ಬೇರೆ ಬೇರೆ ಟ್ರ್ಯಾಕಿನಲ್ಲಿ ಇಟ್ಟುಕೊಂಡೆ.

ಗೆಳೆಯನಿಗೆ ತುಳಿದರೆ ಹಕ್ಕಿಯಂತೆ ಚಿಲಿಪಿಲಿ ಎನ್ನುವ ನೆಲ ಬೇಕಿತ್ತು. ಕ್ಯೋಟೋದ ನಿಜೋ ಕೋಟೆಯಲ್ಲಿ ಅಂಥ ನೆಲ ಇದೆ. ಹಲಗೆ ಅಲುಗಿದಾಗ ಕೆಳಗಿನ ಕಬ್ಬಿಣದ ಪಟ್ಟಿಗೆ ಮೊಳೆ ಉಜ್ಜಿ ಆ ಸದ್ದು ಬರುತ್ತದೆ. ಆದರೆ ಆ ಕೋಟೆ 1603ರದ್ದು, ನಮ್ಮ ಕಥೆಗಿಂತ ಈಚಿನದು. ಬೇಡ ಎಂದೆ. ಹಳೇ ಮಂಚದ ಹಲಗೆಯ ಕಿರ್ ಸದ್ದು ಸಾಕಾಯಿತು.

ನನಗೆ ತುಂಬಾ ತೃಪ್ತಿ ಕೊಟ್ಟಿದ್ದು ಹುಳುಗಳ ಸದ್ದು. ನಿಶ್ಶಬ್ದ ಬೇಕೆಂದು ಟ್ರ್ಯಾಕ್ ಖಾಲಿ ಬಿಟ್ಟರೆ ಸ್ಪೀಕರ್ ಕೆಟ್ಟಿತೇನೋ ಅನಿಸುತ್ತದೆ. ಊರಿನಲ್ಲಿ ರಾತ್ರಿ ಗದ್ದೆ ಬದುವಿನ ಮೇಲೆ ನಡೆದವರಿಗೆ ಗೊತ್ತು, ನಾವು ಹತ್ತಿರ ಹೋದಂತೆ ಜೀರುಂಡೆ, ಕಪ್ಪೆ ಎಲ್ಲ ಗಪ್ಪನೆ ನಿಲ್ಲುತ್ತವೆ. ಅದನ್ನೇ ತಂದೆ. ಇಗಾ ಮೇಲೆ ದಾಳಿ ಆದದ್ದು ಶರತ್ಕಾಲದಲ್ಲಿ. ಜಪಾನಿನಲ್ಲಿ ಆಗ 'ಸುಜುಮುಶಿ' ಎಂಬ ಹುಳು ಪುಟ್ಟ ಗಂಟೆಯಂತೆ ಕೂಗುತ್ತದೆ. ಅಲ್ಲಿರುವ ಗೆಳತಿಯೊಬ್ಬಳು ರೆಕಾರ್ಡ್ ಮಾಡಿ ಕಳಿಸಿದಳು. ಚಿತ್ರದುದ್ದಕ್ಕೂ ಅದನ್ನು ಓಡಿಸಿ, ಶಿನೋಬಿ ಬರುವ ಕಡೆಯಿಂದ ಒಂದೊಂದೇ ಹುಳುವಿನ ದನಿ ನಿಲ್ಲಿಸುತ್ತಾ ಬಂದೆ. ಅವನು ಫ್ರೇಮಿನಲ್ಲಿ ಕಾಣುವ ಮೊದಲೇ ಅವನು ಬಂದದ್ದು ಗೊತ್ತಾಗುತ್ತದೆ.

ಹೊಡೆದಾಟಕ್ಕೆ ಜಾಸ್ತಿ ಕಷ್ಟ ಆಗಲಿಲ್ಲ. ಶುರಿಕೆನ್ ಎಂಬ ಎಸೆಯುವ ಅಲಗು ನಾಟುವ ಸದ್ದಿಗೆ ಬಾಳೆದಿಂಡಿಗೆ ಚೂರಿ ಎಸೆದೆ. ಕತ್ತಿಯೇಟಿಗೆ ನೆನೆಸಿ ಸುತ್ತಿದ ಚಾಪೆ. ಜಪಾನಿನಲ್ಲಿ ಕತ್ತಿ ಹಿಡಿಯುವವರು ಕಡಿದು ಅಭ್ಯಾಸ ಮಾಡುವುದೂ ಹೀಗೆ ನೆನೆಸಿದ ಚಾಪೆಯ ಮೇಲೇ.

ಒಂಬತ್ತನೇ ನಿಮಿಷದಲ್ಲಿ ಶಿನೋಬಿಯ ತೊಡೆಗೆ ಗಾಯವಾಗುತ್ತದೆ. ಅಲ್ಲಿಯವರೆಗೆ ಅವನ ಒಂದು ಹೆಜ್ಜೆಯೂ ಕೇಳಿಸದಂತೆ ನೋಡಿಕೊಂಡಿದ್ದೆ. ಅಲ್ಲಿಂದ ಒಣಹುಲ್ಲಿನ ಟ್ರ್ಯಾಕ್ ತೆರೆದೆ. ಗೋಡೆ ಮುಟ್ಟುವವರೆಗೆ ಹದಿನಾಲ್ಕು ಹೆಜ್ಜೆ, ಎಡಗಾಲು ಎಳೆದುಕೊಂಡು. ಅಷ್ಟಕ್ಕೇ ಒಂದು ಇಡೀ ರಾತ್ರಿ ಹಿಡಿಯಿತು.