ಹದಿನೇಳು ಗಂಟೆಯ ಹಗಲು: ಡಬ್ಲಿನ್ ಬೇಸಿಗೆಯನ್ನು ಬಯಲಿನಲ್ಲಿ ಕಳೆಯುವುದು ಹೇಗೆ?

ಜೂನ್ ಮೂರನೆಯ ವಾರದಲ್ಲಿ ಡಬ್ಲಿನ್ನಿನಲ್ಲಿ ಸೂರ್ಯ ಹುಟ್ಟುವುದು ಬೆಳಗಿನ ಐದರ ಹೊತ್ತಿಗೆ, ಮುಳುಗುವುದು ರಾತ್ರಿ ಹತ್ತರ ಹೊತ್ತಿಗೆ. ಹತ್ತು ದಾಟಿದ ಮೇಲೂ ಹಿತ್ತಲಿನಲ್ಲಿ ಕುಳಿತು ದೀಪವಿಲ್ಲದೆ ಪತ್ರಿಕೆ ಓದಬಹುದು. ಬೆಂಗಳೂರಿನ ಅತಿ ಉದ್ದದ ಹಗಲು ಹದಿಮೂರು ಗಂಟೆಯನ್ನೂ ಮುಟ್ಟುವುದಿಲ್ಲ, ಇಲ್ಲಿ ಹದಿನೇಳು. ಮಕ್ಕಳ ಮನೆಗೆಂದು ಕರ್ನಾಟಕದಿಂದ ಮೊದಲ ಸಲ ಬಂದ ಹಿರಿಯರು ಊಟದ ಹೊತ್ತು ಮೀರಿದ್ದೇ ತಿಳಿಯದೆ ಕಿಟಕಿಯ ಬಳಿ ಕುಳಿತುಬಿಡುತ್ತಾರೆ.

ಬೇಸಿಗೆ ಎಂಬ ನಮ್ಮ ಮಾತಿನಲ್ಲೇ ಬೇಯುವುದು ಅಡಗಿದೆ. ಡಬ್ಲಿನ್ನಿನಲ್ಲಿ ಜುಲೈ ಮಧ್ಯಾಹ್ನವೂ ಸಾಮಾನ್ಯವಾಗಿ 20 ಡಿಗ್ರಿಯ ಆಸುಪಾಸಿನಲ್ಲೇ ಇರುತ್ತದೆ. ಬಿಸಿಲು ಏರಲಿ ಎಂದು ಕಾಯುತ್ತ ಕುಳಿತರೆ ಆಗಸ್ಟ್ ಮುಗಿದುಹೋಗುತ್ತದೆ. ಇಲ್ಲಿ ಹೊರಗೆ ಹೊರಡಲು ನೋಡಬೇಕಾದದ್ದು ಬೆಳಕು, ಗಾಳಿ ಮತ್ತು ಕಡಲಿನ ಉಬ್ಬರವಿಳಿತ. ಈ ಮೂರನ್ನು ಹೊಂದಿಸಿಕೊಂಡು ಒಂದು ದಿನವನ್ನು ಕಟ್ಟುವ ಬಗೆಯನ್ನು ಹಂತ ಹಂತವಾಗಿ ಹೇಳುತ್ತೇನೆ.

ಹಿಂದಿನ ಸಂಜೆ: ಗಾಳಿಯ ದಿಕ್ಕು ನೋಡಿ

ಐರ್ಲೆಂಡಿನ ಹವಾಮಾನ ಇಲಾಖೆ ಮೆಟ್ ಏರಿನ್ ಗಂಟೆಗಂಟೆಯ ಮುನ್ಸೂಚನೆ ಕೊಡುತ್ತದೆ. ಅದರಲ್ಲಿ ಮಳೆಯ ಗುರುತಿಗಿಂತ ಮೊದಲು ಗಾಳಿಯ ಬಾಣವನ್ನು ನೋಡಿ. ಗಾಳಿ ಪಶ್ಚಿಮದಿಂದಲೋ ನೈಋತ್ಯದಿಂದಲೋ ಬೀಸುತ್ತಿದ್ದರೆ ಕಡಲ ಕಡೆಗೆ ಹೊರಡಬಹುದು. ಪೂರ್ವಕ್ಕೆ ಮುಖ ಮಾಡಿದ ಬಂಡೆಗಳಿಗೆ ಬೆಟ್ಟವೇ ಮರೆಯಾಗುತ್ತದೆ. ಪೂರ್ವದ ಗಾಳಿ ಬಲವಾಗಿದ್ದರೆ ಅದು ತಣ್ಣನೆಯ ಸಮುದ್ರದ ಮೇಲಿಂದ ನೇರ ಬಂದು ಮೈಕೊರೆಯುತ್ತದೆ, ಕೊಲ್ಲಿಯಲ್ಲಿ ಅಲೆ ಎಬ್ಬಿಸುತ್ತದೆ. ಆ ದಿನ ಕಡಲನ್ನು ಬಿಟ್ಟು ಫೀನಿಕ್ಸ್ ಪಾರ್ಕ್ ಕಡೆ ಹೋಗಿ. ಅದರ ಮಾತು ಮುಂದೆ ಬರುತ್ತದೆ.

ಮಳೆಗೆ ಹೆದರಬೇಕಾಗಿಲ್ಲ. ವರ್ಷವಿಡೀ ಡಬ್ಲಿನ್ನಿನಲ್ಲಿ ಬೀಳುವ ಮಳೆ ಸುಮಾರು 750 ಮಿಲಿಮೀಟರ್, ಬೆಂಗಳೂರಿಗಿಂತ ಕಡಿಮೆ. ಆದರೆ ಅದು ಹನಿಹನಿಯಾಗಿ ಅನೇಕ ದಿನಗಳಿಗೆ ಹಂಚಿಹೋಗುತ್ತದೆ. ನಮ್ಮ ಮಲೆನಾಡಿನ ಸೋನೆಮಳೆಯ ನೆನಪಿರುವವರಿಗೆ ಇದು ಪರಿಚಿತವೇ. ಕೊಡೆ ಮಾತ್ರ ಬೇಡ, ಗಾಳಿಗೆ ಮಗುಚಿಕೊಳ್ಳುತ್ತದೆ. ತಲೆಗೆ ಹೊದಿಕೆಯಿರುವ ಹಗುರವಾದ ರೇನ್‌ಕೋಟ್ ಒಂದಿದ್ದರೆ ಸಾಕು.

ಆಮೇಲೆ ಪಂಚಾಂಗ ತೆಗೆಯಿರಿ

ನಾನು ಮೊದಲ ಬೇಸಿಗೆಯಲ್ಲಿ ಸ್ಯಾಂಡಿಮೌಂಟ್ ತೀರಕ್ಕೆ ಕುಟುಂಬವನ್ನು ಕರೆದುಕೊಂಡು ಹೋದಾಗ ಅಲ್ಲಿ ಕಡಲೇ ಇರಲಿಲ್ಲ. ಕಣ್ಣು ಹಾಯುವವರೆಗೂ ಒದ್ದೆ ಮರಳು, ನೀರು ಎಲ್ಲೋ ದೂರದಲ್ಲಿ ಒಂದು ಗೆರೆಯಾಗಿ ಹೊಳೆಯುತ್ತಿತ್ತು. ಡಬ್ಲಿನ್ ಕೊಲ್ಲಿಯಲ್ಲಿ ಉಬ್ಬರಕ್ಕೂ ಇಳಿತಕ್ಕೂ ನಡುವಿನ ಎತ್ತರ ದೊಡ್ಡ ದಿನಗಳಲ್ಲಿ ನಾಲ್ಕು ಮೀಟರಿನ ಹತ್ತಿರ ಹೋಗುತ್ತದೆ. ಮಂಗಳೂರು, ಕಾರವಾರದ ಕಡಲನ್ನು ನೋಡಿ ಬೆಳೆದವರಿಗೂ ಇದು ಹೊಸ ಅನುಭವ. ತಟ್ಟೆಯಂತೆ ಚಪ್ಪಟೆಯಾದ ಮರಳಿನ ಮೇಲೆ ಅಷ್ಟು ನೀರು ಇಳಿದರೆ ತೀರ ಕಿಲೋಮೀಟರುಗಟ್ಟಲೆ ಹಿಂದೆ ಸರಿಯುತ್ತದೆ.

ಉಬ್ಬರ ದಿನಕ್ಕೆ ಎರಡು ಸಲ ಬರುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತದೆ. ಇದು ಚಂದ್ರನ ಲೆಕ್ಕವಾದ್ದರಿಂದ ಗೋಡೆಯ ಮೇಲೆ ಕನ್ನಡ ಕ್ಯಾಲೆಂಡರ್ ತೂಗುವ ಮನೆಯವರಿಗೆ ಒಂದು ಅನುಕೂಲವಿದೆ. ಡಬ್ಲಿನ್ನಿನಲ್ಲಿ ಅಮಾವಾಸ್ಯೆ, ಹುಣ್ಣಿಮೆಯ ಆಸುಪಾಸಿನ ದಿನಗಳಲ್ಲಿ ಉಬ್ಬರ ತುಂಬುವುದು ನಡುಹಗಲಿನ ಹೊತ್ತಿಗೆ. ಸಂಜೆ ನೀರು ಬಹಳ ಕೆಳಗಿಳಿದಿರುತ್ತದೆ. ಅಷ್ಟಮಿಯ ಸುಮಾರಿಗೆ ಉಬ್ಬರ ಬೆಳಿಗ್ಗೆ, ಸಂಜೆಗಳಿಗೆ ಸರಿದಿರುತ್ತದೆ, ಏರಿಳಿತವೂ ಸಣ್ಣದಾಗಿರುತ್ತದೆ. ಈಜಬೇಕೆಂದರೆ ಹುಣ್ಣಿಮೆಯ ಹತ್ತಿರದ ಶನಿವಾರವನ್ನು ಆರಿಸಿಕೊಂಡರೆ ಮಧ್ಯಾಹ್ನ ನೀರು ನಿಮ್ಮ ಕಾಲ ಬಳಿಯೇ ಇರುತ್ತದೆ. ದಿನವನ್ನು ಹೀಗೆ ಆರಿಸಿದ ಮೇಲೆ ನಿಖರವಾದ ಗಂಟೆ, ನಿಮಿಷವನ್ನು ಡಬ್ಲಿನ್ ಬಂದರಿನ ಉಬ್ಬರವಿಳಿತದ ಪಟ್ಟಿಯಲ್ಲಿ ನೋಡಿ ಬರೆದಿಟ್ಟುಕೊಳ್ಳಿ.

ಇದರೊಂದಿಗೆ ಇನ್ನೊಂದು ಪರೀಕ್ಷೆ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಇಲ್ಲಿ ಅಧಿಕೃತ ಸ್ನಾನದ ಋತು. ಜೋರು ಮಳೆ ಬಂದ ಮರುದಿನಗಳಲ್ಲಿ ಚರಂಡಿಯ ನೀರು ಕೊಲ್ಲಿಗೆ ಸೇರಿ, ಕೆಲವು ತೀರಗಳಲ್ಲಿ ನೀರಿಗಿಳಿಯಬಾರದೆಂಬ ಸೂಚನೆ ಹಾಕುತ್ತಾರೆ. ಪರಿಸರ ಸಂರಕ್ಷಣಾ ಸಂಸ್ಥೆಯ ‘ಬೀಚಸ್ ಡಾಟ್ ಐಇ’ ಜಾಲತಾಣದಲ್ಲಿ ಪ್ರತಿ ತೀರದ ಸ್ಥಿತಿ ಸಿಗುತ್ತದೆ. ಮಕ್ಕಳಿದ್ದರೆ ಇದನ್ನು ನೋಡದೆ ಹೊರಡಬೇಡಿ.

ಚೀಲಕ್ಕೆ ಏನು?

ತೆಳುವಾದ ಮೂರು ಬಟ್ಟೆಗಳನ್ನು ಒಂದರ ಮೇಲೊಂದು ಹಾಕಿಕೊಳ್ಳಿ. ದಪ್ಪನೆಯ ಒಂದೇ ಸ್ವೆಟರಿಗಿಂತ ಇದು ಮೇಲು. ಮೋಡ ಸರಿದಾಗ ಬಿಚ್ಚುವುದು, ಗಾಳಿ ಬಂದಾಗ ಹಾಕುವುದು ದಿನವಿಡೀ ನಡೆಯುತ್ತದೆ. ತಂಪಿದೆಯೆಂದು ಸನ್‌ಸ್ಕ್ರೀನ್ ಬಿಡಬೇಡಿ, ಅಷ್ಟು ಉದ್ದದ ಹಗಲಿನಲ್ಲಿ ಚರ್ಮ ಗೊತ್ತಾಗದಂತೆ ಸುಡುತ್ತದೆ. ಅಡಿ ಹಿಡಿತವಿರುವ ಬೂಟು, ಟವೆಲ್, ನೀರು. ಊಟಕ್ಕೆ ಚಪಾತಿ ಪಲ್ಯ ಅಥವಾ ಚಿತ್ರಾನ್ನ ಕಟ್ಟಿಕೊಳ್ಳಿ. ಬಂಡೆಯ ಮೇಲೆ ಕುಳಿತು ತಿನ್ನುವಾಗ ಸೀಗಲ್ ಹಕ್ಕಿಗಳ ಮೇಲೆ ಒಂದು ಕಣ್ಣಿರಲಿ, ಕೈಯಿಂದಲೇ ಕಸಿದುಕೊಂಡು ಹೋಗುತ್ತವೆ.

ಬೆಳಿಗ್ಗೆ: ಹೋತ್ ಬಂಡೆಯ ಹಾದಿ

ಲೀಪ್ ಕಾರ್ಡ್ ಇದ್ದರೆ ಬಸ್ಸು, ಟ್ರಾಮು, ಡಾರ್ಟ್ ರೈಲು ಎಲ್ಲದಕ್ಕೂ ಅದೇ ಸಾಕು. ಕಡಲಂಚಿನಲ್ಲೇ ಓಡುವ ಈ ವಿದ್ಯುತ್ ರೈಲು 1984ರಲ್ಲಿ ಶುರುವಾಯಿತು. ನಗರದ ಕಾನಲಿ ನಿಲ್ದಾಣದಿಂದ ಕೊಲ್ಲಿಯ ಉತ್ತರ ತುದಿಯ ಊರಾದ ಹೋತ್‌ಗೆ ಅರ್ಧ ಗಂಟೆ. ಉತ್ತರಕ್ಕೆ ಹೋಗುವ ದಾರಿ ಹೋತ್ ಜಂಕ್ಷನ್ನಿನಲ್ಲಿ ಕವಲೊಡೆಯುತ್ತದೆ, ಒಂದು ಕವಲು ಮಾಲಹೈಡ್‌ಗೆ, ಇನ್ನೊಂದು ಹೋತ್‌ಗೆ. ಹಲಗೆಯ ಮೇಲಿನ ಹೆಸರು ಓದಿಕೊಂಡು ಹತ್ತಿ. ಒಂಬತ್ತರೊಳಗೆ ತಲುಪಿದರೆ ಹಾದಿ ನಿಮ್ಮದಾಗಿರುತ್ತದೆ. ಬಿಸಿಲಿರುವ ಭಾನುವಾರ ಹನ್ನೊಂದರ ಮೇಲೆ ಸಾಲಿನಲ್ಲಿ ನಡೆದಂತಾಗುತ್ತದೆ.

ರೈಲು ನಿಲ್ದಾಣದಿಂದಲೇ ಬಣ್ಣಬಣ್ಣದ ಬಾಣಗಳ ನಾಲ್ಕು ಸುತ್ತುಗಳು ಹೊರಡುತ್ತವೆ. ಮೊದಲ ಸಲ ಹೋಗುವವರು ಹಸಿರು ಬಾಣವನ್ನು ಹಿಡಿಯಿರಿ. ಸುಮಾರು 6 ಕಿಲೋಮೀಟರ್, ನಿಂತು ನೋಡುತ್ತ ನಡೆದರೆ ಎರಡು ಗಂಟೆ. ಕಾಲಿನಲ್ಲಿ ಕಸುವಿದ್ದವರಿಗೆ ನೇರಳೆ ಬಾಣದ 12 ಕಿಲೋಮೀಟರ್ ಸುತ್ತು ಇದೆ. ಬಂದರನ್ನು ಎಡಕ್ಕಿಟ್ಟುಕೊಂಡು ನಡೆದು, ಬಾಲ್ಸ್‌ಕ್ಯಾಡನ್ ರಸ್ತೆಯ ಏರನ್ನು ಹತ್ತಿದರೆ ಮನೆಗಳು ಮುಗಿದು ಕಾಲುಹಾದಿ ಶುರುವಾಗುತ್ತದೆ. ಹಿಂತಿರುಗಿ ನೋಡಿದರೆ ಕಡಲಿನಲ್ಲಿ ಐರ್ಲೆಂಡ್ಸ್ ಐ ಎಂಬ ಪುಟ್ಟ ದ್ವೀಪ.

ಇಲ್ಲಿಂದ ಮುಂದೆ ನಿಧಾನವಾಗಿ ನಡೆಯಿರಿ ಎಂದು ಕೇಳಿಕೊಳ್ಳುತ್ತೇನೆ. ಹಾದಿಯ ಪಕ್ಕದ ಮುಳ್ಳುಪೊದೆಯ ಹೆಸರು ಗಾರ್ಸ್. ಅದರ ಹಳದಿ ಹೂವಿಗೆ ಮೂಗು ತಂದರೆ ಕೊಬ್ಬರಿಯ ವಾಸನೆ! ತೆಂಗಿನ ಮರವೇ ಬೆಳೆಯದ ನಾಡಿನಲ್ಲಿ ಆ ಪರಿಮಳ ಮೊದಲ ಸಲ ಸಿಕ್ಕಾಗ ನನ್ನ ಅಮ್ಮ ಪೊದೆಯ ಮುಂದೆ ಬಹಳ ಹೊತ್ತು ನಿಂತುಬಿಟ್ಟಿದ್ದರು. ಏಪ್ರಿಲ್, ಮೇ ತಿಂಗಳು ಅದರ ಭರಾಟೆ. ಆಗಸ್ಟಿನಲ್ಲಿ ಹೆದರ್ ಎಂಬ ಕುರುಚಲು ಗಿಡ ಅರಳಿ ಬೆಟ್ಟವೇ ನೇರಳೆಯಾಗುತ್ತದೆ. ಕೆಳಗಿನ ಬಂಡೆಯ ಮೆಟ್ಟಿಲುಗಳಲ್ಲಿ ಗಿಲಮಾಟ್, ರೇಜರ್‌ಬಿಲ್, ಕಿಟ್ಟಿವೇಕ್ ಎಂಬ ಕಡಲಹಕ್ಕಿಗಳು ಗೂಡು ಕಟ್ಟಿರುತ್ತವೆ. ಅವುಗಳ ಗದ್ದಲ ಕೇಳಬೇಕಾದರೆ ಜೂನಿನಲ್ಲೇ ಬನ್ನಿ, ಮರಿಗಳು ಬೆಳೆದೊಡನೆ ಅವು ತೆರೆದ ಕಡಲಿಗೆ ಹೊರಟುಬಿಡುತ್ತವೆ. ತಿರುವಿನಲ್ಲಿ 1814ರ ಬೇಯ್ಲಿ ದೀಪಸ್ತಂಭ ಕಾಣುತ್ತದೆ. ಅಲ್ಲಿಂದ ಬಾಣ ನಿಮ್ಮನ್ನು ಮೇಲಕ್ಕೆ ತಿರುಗಿಸಿ ಮರಳಿ ಊರಿಗೆ ತರುತ್ತದೆ.

ಎರಡು ಎಚ್ಚರಿಕೆಗಳು. ಹಾದಿಯ ಅಂಚಿಗೆ ಬಹುಪಾಲು ಕಡೆ ಕಂಬಿಯಿಲ್ಲ. ಫೋಟೋಗಾಗಿ ಹುಲ್ಲಿನ ತುದಿಗೆ ಹೋಗಬೇಡಿ, ಅದರ ಕೆಳಗೆ ಮಣ್ಣು ಕೊರೆದಿರಬಹುದು. ಇನ್ನೊಂದು ಬೆಂಕಿ. 2021ರ ಬೇಸಿಗೆಯಲ್ಲಿ ಈ ಬೆಟ್ಟದ ಗಾರ್ಸ್ ಪೊದೆಗಳು ವಾರಗಟ್ಟಲೆ ಉರಿದವು. ಒಲೆ, ಬಾರ್ಬೆಕ್ಯೂ ಯಾವುದನ್ನೂ ತರಬೇಡಿ.

ಮಧ್ಯಾಹ್ನ: ಫಾರ್ಟಿ ಫುಟ್

ಹೋತ್‌ನಿಂದ ಡಾರ್ಟ್ ಹಿಡಿದು ಕೊಲ್ಲಿಯ ಇನ್ನೊಂದು ತುದಿಗೆ, ಸ್ಯಾಂಡಿಕೋವ್ ಮತ್ತು ಗ್ಲಾಸ್‌ತೂಲ್ ನಿಲ್ದಾಣಕ್ಕೆ ಬನ್ನಿ. ಸುಮಾರು ಒಂದು ಗಂಟೆ. ಎಡಗಡೆಯ ಕಿಟಕಿ ಸಿಕ್ಕರೆ ನಗರ ದಾಟಿದ ಮೇಲೆ ಕಡಲು ನಿಮ್ಮ ಜೊತೆಗೇ ಬರುತ್ತದೆ. ನೆಪೋಲಿಯನ್ನನ ದಾಳಿಯ ಭಯದಲ್ಲಿ ಕಟ್ಟಿದ ಮಾರ್ಟೆಲ್ಲೋ ಗೋಪುರದ ಕೆಳಗೆ ಬಂಡೆಗಳ ನಡುವೆ ಈಜುವ ಜಾಗವಿದೆ, ಅದೇ ಫಾರ್ಟಿ ಫುಟ್. ಬಹುಕಾಲ ಇಲ್ಲಿ ಗಂಡಸರು ಮಾತ್ರ ಇಳಿಯುತ್ತಿದ್ದರು. 1974ರ ಬೇಸಿಗೆಯಲ್ಲಿ ಮಹಿಳೆಯರ ಗುಂಪೊಂದು ಪ್ರತಿಭಟಿಸಿ ನೀರಿಗಿಳಿಯಿತು. ಇಂದು ಅಜ್ಜಿಯರು ಬೆಳಿಗ್ಗೆ ಈಜಿ ಫ್ಲಾಸ್ಕಿನ ಚಹಾ ಕುಡಿಯುವುದನ್ನು ನೋಡಬಹುದು.

ನೀರು ತಣ್ಣಗಿರುತ್ತದೆ, ಆಗಸ್ಟಿನಲ್ಲೂ 15 ಡಿಗ್ರಿಯ ಆಸುಪಾಸು. ಹಾರಬೇಡಿ. ಕಂಬಿ ಹಿಡಿದು ಮೆಟ್ಟಿಲಿಳಿಯಿರಿ, ಮುಖಕ್ಕೆ, ಕುತ್ತಿಗೆಗೆ ನೀರು ಚಿಮುಕಿಸಿಕೊಳ್ಳಿ. ಕುತ್ತಿಗೆಯವರೆಗೆ ಮುಳುಗಿದೊಡನೆ ಉಸಿರು ತಾನಾಗಿ ಮೇಲೆ ಮೇಲೆ ಬರುತ್ತದೆ. ಕಂಬಿ ಬಿಡದೆ ಒಂದೆರಡು ನಿಮಿಷ ಕಾದರೆ ಅದು ಹದಕ್ಕೆ ಬರುತ್ತದೆ. ಆಮೇಲೆ ಈಜಿ. ಮೊದಲ ಸಲ ಐದು ನಿಮಿಷ ಸಾಕು. ಹೊರಬಂದ ಮೇಲೂ ಮೈ ಇನ್ನಷ್ಟು ತಣಿಯುತ್ತ ಹೋಗುವುದರಿಂದ ತಕ್ಷಣ ಒರೆಸಿಕೊಂಡು ಒಣಬಟ್ಟೆ ಹಾಕಿಕೊಳ್ಳಿ. ಈಜು ಬಾರದವರಿಗೂ ಮಕ್ಕಳಿಗೂ ಪಕ್ಕದಲ್ಲೇ ಸ್ಯಾಂಡಿಕೋವಿನ ಪುಟ್ಟ ಮರಳ ತೀರವಿದೆ. ಯಾರಾದರೂ ಅಪಾಯದಲ್ಲಿದ್ದರೆ 112ಕ್ಕೆ ಕರೆ ಮಾಡಿ ಕರಾವಳಿ ಕಾವಲು ಪಡೆಯನ್ನು ಕೇಳಿ.

ಗಾಳಿ ಕೈಕೊಟ್ಟರೆ

ಫೀನಿಕ್ಸ್ ಪಾರ್ಕ್ 707 ಹೆಕ್ಟೇರಿನ ಬಯಲು. ಏಳು ಲಾಲ್‌ಬಾಗ್ ಹಿಡಿಸುವಷ್ಟು ದೊಡ್ಡದು. ಮಂಡಿನೋವಿನ ಹಿರಿಯರಿಗೆ ಬಂಡೆಯ ಹಾದಿಗಿಂತ ಇದೇ ವಾಸಿ. 1660ರ ದಶಕದಲ್ಲಿ ತಂದುಬಿಟ್ಟ ಜಿಂಕೆಗಳ ಸಂತತಿ ಇಲ್ಲಿ ಇಂದಿಗೂ ಮೇಯುತ್ತದೆ. 50 ಮೀಟರ್ ದೂರ ಉಳಿಯಿರಿ, ಏನನ್ನೂ ತಿನ್ನಿಸಬೇಡಿ. ಜೂನಿನಲ್ಲಿ ಎತ್ತರದ ಹುಲ್ಲಿನೊಳಗೆ ಮರಿ ಒಂಟಿಯಾಗಿ ಮಲಗಿದ್ದರೆ ಅದು ದಿಕ್ಕಿಲ್ಲದ್ದಲ್ಲ, ತಾಯಿ ಅಡಗಿಸಿಟ್ಟು ಹೋಗಿರುತ್ತದೆ. ಮುಟ್ಟದೆ ದೂರ ಸರಿಯಿರಿ. ಮನೆಗೆ ಬಂದು ಕಾಲಿಗೆ ರಕ್ತ ಹೀರುವ ಉಣ್ಣಿ ಹತ್ತಿದೆಯೇ ನೋಡಿಕೊಳ್ಳಿ.

ಸಂಜೆ: ಬುಲ್ ದ್ವೀಪ

ಊಟ ಮುಗಿಸಿ ಎಂಟಕ್ಕೆ ಮತ್ತೆ ಹೊರಡಿ. ಇನ್ನೂ ಎರಡು ಗಂಟೆಯ ಬೆಳಕಿದೆ. ರಹೀನಿ ನಿಲ್ದಾಣದಿಂದ ಅರ್ಧ ಗಂಟೆಗೂ ಹೆಚ್ಚು ನಡೆದರೆ ಸಿಗುವ ಈ ದ್ವೀಪ 200 ವರ್ಷಗಳ ಹಿಂದೆ ಇರಲೇ ಇಲ್ಲ. ಬಂದರಿನ ಬಾಯಿಗೆ ಮರಳು ತುಂಬದಂತೆ 1820ರ ದಶಕದಲ್ಲಿ ಕಟ್ಟಿ ಮುಗಿಸಿದ ಗೋಡೆಯೊಂದರ ಬೆನ್ನಿಗೆ ಮರಳು ಸೇರುತ್ತ ಸೇರುತ್ತ 5 ಕಿಲೋಮೀಟರ್ ಉದ್ದದ ತೀರವಾಯಿತು. 1981ರಲ್ಲಿ ಯುನೆಸ್ಕೊ ಇದನ್ನು ಜೀವಗೋಳ ಮೀಸಲು ಪ್ರದೇಶವೆಂದು ಗುರುತಿಸಿತು. ಮರಳುದಿಬ್ಬದ ಹುಲ್ಲಿನಲ್ಲಿ ಬಾನಾಡಿಗಳು ನೆಲದ ಮೇಲೆಯೇ ಗೂಡು ಮಾಡುವುದರಿಂದ ಕಾಲುಹಾದಿ ಬಿಡಬೇಡಿ. ನೀರು ಇಳಿದಿದ್ದರೆ ದೂರ ಹೋಗುವ ಆಸೆಯಾಗುತ್ತದೆ. ಉಬ್ಬರ ಮರಳುವಾಗ ತಗ್ಗುಗಳು ಮೊದಲು ತುಂಬಿ ನಿಮ್ಮ ಬೆನ್ನ ಹಿಂದೆಯೇ ಕಾಲುವೆಯಾಗುತ್ತದೆ. ದಿಬ್ಬದ ಬದಿಯಲ್ಲೇ ನಡೆಯಿರಿ.

ಸೂರ್ಯ ಇಲ್ಲಿ ವಾಯವ್ಯದಲ್ಲಿ, ಊರಿನ ಮನೆಗಳ ಹಿಂದೆ ಇಳಿಯುತ್ತಾನೆ. ಒದ್ದೆ ಮರಳೆಲ್ಲ ಕೆಂಪಾಗುತ್ತದೆ, ಆಮೇಲೆ ಬಹಳ ಹೊತ್ತು ಕತ್ತಲಾಗುವುದಿಲ್ಲ. ಆ ಬೆಳಕನ್ನು ನಂಬಿ ಕುಳಿತರೆ ಹೊತ್ತು ಹೋದದ್ದು ತಿಳಿಯುವುದಿಲ್ಲವಾದ್ದರಿಂದ ಕೊನೆಯ ಡಾರ್ಟ್ ರೈಲಿನ ಸಮಯ ನೋಡಿಕೊಂಡು ಬೆಳಿಗ್ಗೆಯೇ ಮೊಬೈಲಿನಲ್ಲಿ ಅಲಾರಂ ಇಟ್ಟುಕೊಂಡಿರಿ.